ಗಿಟಾರ್ ಹಿಂದೆ ಸರಿದಾಗ: ಬ್ಲ್ಯಾಕ್ ಕೀಸ್‌ನ ‘ಬ್ರದರ್ಸ್’ ಗೆದ್ದ ಬಗೆ

2010ರ ಮೇ 18ರಂದು ಅಮೆರಿಕದಲ್ಲಿ ‘ಬ್ರದರ್ಸ್’ ಎಂಬ ಆಲ್ಬಂ ಬಿಡುಗಡೆಯಾಯಿತು. ಮಾಡಿದ್ದು ದ ಬ್ಲ್ಯಾಕ್ ಕೀಸ್. ಹಾಡೋದು, ಗಿಟಾರ್ ನುಡಿಸೋದು ಡ್ಯಾನ್ ಆವರ್‌ಬಾಕ್. ಡ್ರಮ್ಸ್ ಪ್ಯಾಟ್ರಿಕ್ ಕಾರ್ನಿ. ಬ್ಯಾಂಡ್ ಅಂದರೆ ಈ ಇಬ್ಬರೇ. ಮೊದಲ ವಾರದಲ್ಲೇ 73 ಸಾವಿರಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಇದು ನೇರವಾಗಿ ಮೂರನೇ ಸ್ಥಾನಕ್ಕೆ ಬಂತು. ಮುಂದಿನ ವರ್ಷದ ಫೆಬ್ರವರಿಯಲ್ಲಿ ಮೂರು ಗ್ರ್ಯಾಮಿ ಬಂದವು. ಕೊನೆಗೆ ಅಮೆರಿಕದಲ್ಲಿ ಹತ್ತು ಲಕ್ಷದ ಪ್ಲಾಟಿನಂ ಮಟ್ಟವನ್ನೂ ಮುಟ್ಟಿತು.

ಹೊಸಬರು ಮೊದಲ ಆಲ್ಬಂನಲ್ಲೇ ಹೀಗೆ ಗೆದ್ದಿದ್ದರೆ ಅದೃಷ್ಟ ಅಂತ ಸುಮ್ಮನಾಗಬಹುದಿತ್ತು. ಇದು ಅವರ ಆರನೇ ಆಲ್ಬಂ. ಇಬ್ಬರೂ ಹಳಬರೇ, ಅಮೆರಿಕದ ಕಪ್ಪುಜನರ ಸಂಗೀತವಾದ ಬ್ಲೂಸ್‌ನ ಹುಚ್ಚೂ ಹಳೆಯದೇ. ಹಾಗಾದರೆ ಐದರಲ್ಲಿ ಆಗದ್ದು ಆರನೆಯದರಲ್ಲಿ ಯಾಕಾಯಿತು?

ಸಾಮಾನ್ಯವಾಗಿ ಎರಡು ಉತ್ತರ ಕೇಳಿಬರುತ್ತವೆ. ‘ಟೈಟನ್ ಅಪ್’ ಎಂಬ ಒಂದು ಹಾಡು ಹಿಟ್ ಆಯಿತು ಅನ್ನೋದು ಒಂದು. ಜಾಹೀರಾತುಗಳಿಗೆ ಹಾಡು ಕೊಟ್ಟು ಹೆಸರಾದರು ಅನ್ನೋದು ಇನ್ನೊಂದು. ಎರಡರಲ್ಲೂ ಸತ್ಯ ಇದೆ. ಆದರೆ ನನ್ನ ಪ್ರಕಾರ ಅಸಲಿ ಕಾರಣ ಆಲ್ಬಂನ ಒಳಗೇ ಇದೆ. ಎಂಟು ವರ್ಷ ಗಿಟಾರ್ ಮುಂದಿಟ್ಟುಕೊಂಡು ಹಾಡಿದವರು ಈ ಸಲ ಡ್ರಮ್ಸ್ ಮತ್ತು ಕೆಳಸ್ವರ ನುಡಿಸುವ ಬೇಸ್ ಅನ್ನು ಮುಂದೆ ಬಿಟ್ಟರು. ಅದರಿಂದ ಅವರು ಬ್ಲೂಸ್‌ನಿಂದ ದೂರ ಹೋಗಲಿಲ್ಲ. ಅವರು ಪ್ರೀತಿಸಿದ ಬ್ಲೂಸ್‌ನ ಬೇರಿಗೆ ಇನ್ನೂ ಹತ್ತಿರ ಬಂದರು. ಈ ಬರಹ ಅದರ ಬಗ್ಗೆ.

ಮಿಸಿಸಿಪ್ಪಿಯ ಗುಡ್ಡದ ಬ್ಲೂಸ್

ಒಹಾಯೊ ರಾಜ್ಯದ ಆಕ್ರನ್ ಒಂದು ಕಾಲಕ್ಕೆ ಟೈರ್ ಕಾರ್ಖಾನೆಗಳ ಊರು. ಇಲ್ಲೇ ಆವರ್‌ಬಾಕ್ ಹುಟ್ಟಿದ್ದು 1979ರಲ್ಲಿ, ಕಾರ್ನಿ 1980ರಲ್ಲಿ. ಚಿಕ್ಕಂದಿನಲ್ಲಿ ಅಕ್ಕಪಕ್ಕದ ಹುಡುಗರು. 2001ರಲ್ಲಿ ಬ್ಯಾಂಡ್ ಕಟ್ಟಿದರು. 2002ರಲ್ಲಿ ಬಂದ ಮೊದಲ ಆಲ್ಬಂ ರೆಕಾರ್ಡ್ ಆಗಿದ್ದು ಕಾರ್ನಿ ಮನೆಯ ನೆಲಮಾಳಿಗೆಯಲ್ಲಿ. ಎರಡನೆಯದು, ‘ಥಿಕ್‌ಫ್ರೀಕ್‌ನೆಸ್’, ಅದೇ ನೆಲಮಾಳಿಗೆಯಲ್ಲಿ ಎಂಟು ಟ್ರ್ಯಾಕಿನ ಹಳೆಯ ಟೇಪ್ ಯಂತ್ರದ ಮೇಲೆ ಹದಿನಾಲ್ಕು ಗಂಟೆಯಲ್ಲಿ ಮುಗಿಯಿತು. ಮೂರನೆಯದಕ್ಕೆ ಊರಿನಲ್ಲೇ ಮುಚ್ಚಿಹೋಗಿದ್ದ ಟೈರ್ ಕಾರ್ಖಾನೆಯ ಒಂದು ಕೋಣೆ ಸಾಕಾಯಿತು. ‘ರಬ್ಬರ್ ಫ್ಯಾಕ್ಟರಿ’ ಅಂತ ಅದಕ್ಕೆ ಹೆಸರು ಬಂದಿದ್ದೂ ಅದರಿಂದಲೇ.

ಆವರ್‌ಬಾಕ್ ತಲೆ ಕೆಡಿಸಿದ್ದು ಜೂನಿಯರ್ ಕಿಂಬ್ರೊ ಎಂಬ ಮಿಸಿಸಿಪ್ಪಿಯ ಗಾಯಕ. 1930ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡವರು. ಇವರ ಸಂಗೀತದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಇಡೀ ಪ್ರಕರಣ ನಿಂತಿರೋದು ಇದರ ಮೇಲೆ.

ಬ್ಲೂಸ್ ಅಂದ ಕೂಡಲೇ ಹೆಚ್ಚಿನವರ ಮನಸ್ಸಿಗೆ ಬರೋದು ಹನ್ನೆರಡು ಬಾರ್‌ಗಳ (ತಾಳದ ಆವರ್ತಗಳ), ಮೂರು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಹಾಡು. ಮಿಸಿಸಿಪ್ಪಿಯ ಉತ್ತರದ ಗುಡ್ಡಗಾಡಿನ ಬ್ಲೂಸ್ ಹಾಗಿಲ್ಲ. ಅಲ್ಲಿ ಹಲವು ಹಾಡುಗಳು ಒಂದೇ ಕಾರ್ಡ್‌ನಲ್ಲಿ ನಿಂತುಬಿಡುತ್ತವೆ. ತಂಬೂರಿಯ ಶ್ರುತಿ ಹಿಡಿದು ನಿಂತ ಹಾಗೆ, ಒಂದೇ ಸ್ವರ ಕೆಳಗೆ ಗುಂಯ್‌ಗುಡುತ್ತಾ ಇರುತ್ತದೆ. ಅದರ ಮೇಲೆ ಗಿಟಾರಿನ ಒಂದು ಚಿಕ್ಕ ಸುತ್ತು ಮತ್ತೆ ಮತ್ತೆ ಬರುತ್ತದೆ. ಆ ಪ್ರದೇಶದಲ್ಲಿ ಕೊಳಲು ಮತ್ತು ಡ್ರಮ್ ನುಡಿಸುತ್ತಾ ಕುಣಿಯುವ ಜನಪದ ಮೇಳಗಳ ಹಳೆಯ ಪರಂಪರೆಯೂ ಇದೆ. ಹೀಗಾಗಿ ಅಲ್ಲಿಯ ಬ್ಲೂಸ್‌ನಲ್ಲಿ ಬಡಿತಕ್ಕೇ ಮೊದಲ ಮರ್ಯಾದೆ. ಕಿಂಬ್ರೊ ಚುಲಹೋಮಾದಲ್ಲಿ ಒಂದು ಜೂಕ್ ಜಾಯಿಂಟ್ ನಡೆಸುತ್ತಿದ್ದರು. ಜನ ಅಲ್ಲಿಗೆ ಕುಡಿಯೋಕೆ, ಕುಣಿಯೋಕೆ ಬರುತ್ತಿದ್ದರು. ಅಂದರೆ ಈ ಹಾಡುಗಳು ಕೂತು ತಲೆದೂಗೋಕೆ ಮಾಡಿದ್ದಲ್ಲ, ಕಾಲಿಗಾಗಿ ಮಾಡಿದ್ದು. ಆ ಜಾಗ 2000ದಲ್ಲಿ ಸುಟ್ಟುಹೋಯಿತು.

ಕಿಂಬ್ರೊ ಅವರ ದನಿಮುದ್ರಣಗಳನ್ನು ಹೊರತಂದಿದ್ದು ಮಿಸಿಸಿಪ್ಪಿಯ ಫ್ಯಾಟ್ ಪಾಸಂ ಎಂಬ ಸಣ್ಣ ಕಂಪನಿ. ಬ್ಲ್ಯಾಕ್ ಕೀಸ್ ಎರಡು ಮತ್ತು ಮೂರನೇ ಆಲ್ಬಂಗಳನ್ನು ಅದೇ ಕಂಪನಿಯಿಂದ ತಂದರು. 2006ರಲ್ಲಿ ಬರೀ ಕಿಂಬ್ರೊ ಹಾಡುಗಳದ್ದೇ ‘ಚುಲಹೋಮಾ’ ಎಂಬ ಪುಟ್ಟ ರೆಕಾರ್ಡ್ ಮಾಡಿದರು. ಅದರ ಕೊನೆಯಲ್ಲಿ ಕಿಂಬ್ರೊ ಅವರ ಪತ್ನಿ ಬಿಟ್ಟ ಫೋನ್ ಸಂದೇಶ ಕೇಳಿಸುತ್ತದೆ. ಗೌರವ ಅಂದರೆ ಹೀಗಿರಬೇಕು ಅನ್ನಿಸುತ್ತದೆ ಅದನ್ನು ಕೇಳಿದಾಗ.

ಇಷ್ಟಾದರೂ ಆ ಕಾಲದ ಬ್ಲ್ಯಾಕ್ ಕೀಸ್ ಹಾಡುಗಳಲ್ಲಿ ಕಿಂಬ್ರೊ ಅವರ ಒಂದು ಅಂಶ ಪೂರ್ತಿ ಬಂದಿರಲಿಲ್ಲ. ಗಿಟಾರಿನ ಗುಂಯ್ ಬಂದಿತ್ತು, ಒರಟುತನ ಬಂದಿತ್ತು. ಕುಣಿತ ಬಂದಿರಲಿಲ್ಲ. ಬೇಸ್ ಹೆಚ್ಚುಕಡಿಮೆ ಇರಲೇ ಇಲ್ಲ. ಬೇಸ್ ಇಲ್ಲದ ಖಾಲಿ ಜಾಗವನ್ನೆಲ್ಲ ಗಿಟಾರೇ ತುಂಬಬೇಕಿತ್ತು. ಹೀಗಾಗಿ ಗಿಟಾರ್ ಸದಾ ಗಟ್ಟಿಯಾಗಿ, ಸದಾ ಫಝ್ (ಸದ್ದನ್ನು ಒರಟಾಗಿ ಒಡೆಯುವ ಪರಿಣಾಮ) ಹಾಕಿಕೊಂಡು, ಉಸಿರು ಬಿಡದೆ ನುಡಿಯುತ್ತಿತ್ತು. ಡ್ರಮ್ಸ್ ಅದರ ಜೊತೆ ಗುದ್ದಾಡುತ್ತಿತ್ತು. ಚೆನ್ನಾಗಿತ್ತು, ನನಗೆ ಈಗಲೂ ಇಷ್ಟ. ಆದರೆ ಕೇಳುವವರಿಗೆ ಒಳಗೆ ಬರಲು ಜಾಗ ಕಮ್ಮಿ. ಜೊತೆಗೆ ಆಗ ಡೆಟ್ರಾಯ್ಟಿನ ವೈಟ್ ಸ್ಟ್ರೈಪ್ಸ್ ಎಂಬ ಇನ್ನೊಂದು ಇಬ್ಬರ ಬ್ಯಾಂಡ್ ಬಹಳ ದೊಡ್ಡ ಹೆಸರು. ಅವರದ್ದೂ ಗಿಟಾರ್ ಮತ್ತು ಡ್ರಮ್ಸ್. ಹೋದಲ್ಲೆಲ್ಲ ಹೋಲಿಕೆ ತಪ್ಪುತ್ತಿರಲಿಲ್ಲ.

2008ರಲ್ಲಿ ‘ಅಟ್ಯಾಕ್ ಆ್ಯಂಡ್ ರಿಲೀಸ್’ ಬಂತು. ನಿರ್ಮಾಪಕ ಡೇಂಜರ್ ಮೌಸ್, ಅಂದರೆ ಬ್ರಯನ್ ಬರ್ಟನ್. ಸರಿಯಾದ ಸ್ಟುಡಿಯೊದಲ್ಲಿ, ಹೊರಗಿನವರ ಕೈಯಲ್ಲಿ ಅವರು ಮಾಡಿದ ಮೊದಲ ಕೆಲಸ ಅದು. ಪಟ್ಟಿಯಲ್ಲಿ 14ನೇ ಸ್ಥಾನದವರೆಗೆ ಹೋಯಿತು. ಬಾಗಿಲು ತೆರೆದಿತ್ತು ಅನ್ನಬಹುದು. ಒಳಗೆ ಕಾಲಿಟ್ಟಿರಲಿಲ್ಲ.

ಬಿರುಕು, ಮತ್ತು ಹಿಪ್‌ಹಾಪ್‌ನ ಪಾಠ

2009ರಲ್ಲಿ ಬ್ಯಾಂಡ್ ಮುರಿಯುವ ಹಾಗೆ ಕಾಣುತ್ತಿತ್ತು. ಆವರ್‌ಬಾಕ್ ಒಬ್ಬರೇ ‘ಕೀಪ್ ಇಟ್ ಹಿಡ್’ ಅಂತ ಆಲ್ಬಂ ತಂದರು. ಅದು ಕಾರ್ನಿಗೆ ನೋವು ತಂದಿತು. ಅವರು ‘ಡ್ರಮರ್’ ಎಂಬ ಇನ್ನೊಂದು ಬ್ಯಾಂಡ್ ಕಟ್ಟಿಕೊಂಡರು. ಅಲ್ಲಿ ಅವರು ಡ್ರಮ್ಸ್ ಬಿಟ್ಟು ಬೇಸ್ ನುಡಿಸಿದರು. ಅದೇ ವರ್ಷ ಅವರ ಮದುವೆಯೂ ಮುರಿಯಿತು. ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು.

ಇಬ್ಬರನ್ನೂ ಮತ್ತೆ ಒಂದೇ ಕೋಣೆಗೆ ತಂದಿದ್ದು ಯಾರೂ ನಿರೀಕ್ಷಿಸದ ಒಂದು ಕೆಲಸ. ಹಿಪ್‌ಹಾಪ್ ಲೋಕದ ಡೇಮನ್ ಡ್ಯಾಶ್ ಅವರ ಜೊತೆ ಸೇರಿ ‘ಬ್ಲ್ಯಾಕ್‌ರಾಕ್’ ಎಂಬ ಆಲ್ಬಂ ಮಾಡಿದರು. ಮಾಸ್ ಡೆಫ್, ರಿಝಾ, ಕ್ಯೂ-ಟಿಪ್, ರೇಕ್ವಾನ್ ಥರದ ರ‍್ಯಾಪರ್‌ಗಳು ಸ್ಟುಡಿಯೊಗೆ ಬಂದು, ಇವರು ನುಡಿಸಿದ ಸಂಗೀತದ ಮೇಲೆ ಸಾಲು ಕಟ್ಟಿದರು. 2009ರ ನವೆಂಬರ್‌ನಲ್ಲಿ ಅದು ಬಂತು.

ಈ ಆಲ್ಬಂ ದೊಡ್ಡ ಹಿಟ್ ಏನಲ್ಲ. ಆದರೆ ಕಲಿಸಿದ್ದು ಬಹಳ. ರ‍್ಯಾಪರ್‌ಗೆ ಗಿಟಾರ್ ಸೋಲೊ ಬೇಕಿಲ್ಲ. ಬೇಕಾದದ್ದು ಒಂದು ಬಡಿತ, ಅದರ ಕೆಳಗೆ ಒಂದು ದಪ್ಪ ಬೇಸ್, ಮತ್ತು ಮಾತಾಡಲು ಜಾಗ. ನಾಲ್ಕು ಬಾರ್‌ನ ಒಂದು ಸುತ್ತು ಚೆನ್ನಾಗಿದ್ದರೆ ಅದನ್ನೇ ಮೂರು ನಿಮಿಷ ತಿರುಗಿಸಿದರೂ ಬೇಜಾರಾಗಲ್ಲ. ಇದನ್ನು ಓದುತ್ತಾ ನಿಮಗೆ ಕಿಂಬ್ರೊ ನೆನಪಾಗಿರಬೇಕು ಅಲ್ವಾ? ಒಂದೇ ಕಾರ್ಡ್, ಒಂದೇ ಸುತ್ತು, ಕುಣಿಯುವ ಜನ. ಮಿಸಿಸಿಪ್ಪಿಯ ಗುಡ್ಡದ ಜೂಕ್ ಜಾಯಿಂಟ್‌ಗೂ ನ್ಯೂಯಾರ್ಕಿನ ಹಿಪ್‌ಹಾಪ್ ಸ್ಟುಡಿಯೊಗೂ ಒಳಗಿನ ಲೆಕ್ಕ ಒಂದೇ. ಬ್ಲ್ಯಾಕ್ ಕೀಸ್ ಒಂದನ್ನು ಹತ್ತು ವರ್ಷದಿಂದ ಪ್ರೀತಿಸಿದ್ದರು. ಅದನ್ನು ಹೇಗೆ ಕಟ್ಟೋದು ಅನ್ನೋದು ಕೈಗೆ ಸಿಕ್ಕಿದ್ದು ಇನ್ನೊಂದರ ಮೂಲಕ.

ಶೆಫೀಲ್ಡಿನ ಹತ್ತು ದಿನ

2009ರ ಆಗಸ್ಟ್‌ನಲ್ಲಿ ಇಬ್ಬರೂ ಅಲಬಾಮಾದ ಶೆಫೀಲ್ಡ್‌ಗೆ ಹೋದರು. ಅಲ್ಲಿ ಜಾಕ್ಸನ್ ಹೈವೇಯಲ್ಲಿ 3614 ನಂಬರಿನ ಒಂದು ಸಾದಾ ಕಟ್ಟಡ ಇದೆ. ಹಿಂದೆ ಅದು ಶವಪೆಟ್ಟಿಗೆ ಮಾರುವ ಮಳಿಗೆ. 1969ರಲ್ಲಿ ನಾಲ್ವರು ವಾದ್ಯಗಾರರು ಅದನ್ನು ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೊ ಮಾಡಿದರು. ಬ್ಯಾರಿ ಬೆಕೆಟ್, ರೋಜರ್ ಹಾಕಿನ್ಸ್, ಜಿಮ್ಮಿ ಜಾನ್ಸನ್, ಡೇವಿಡ್ ಹುಡ್. ಅದೇ ವರ್ಷದ ಡಿಸೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಅಲ್ಲಿಗೆ ಬಂದು ‘ಬ್ರೌನ್ ಶುಗರ್’, ‘ವೈಲ್ಡ್ ಹಾರ್ಸಸ್’ ರೆಕಾರ್ಡ್ ಮಾಡಿದ್ದರು. 1970ರ ದಶಕದ ಕೊನೆಯಲ್ಲಿ ಸ್ಟುಡಿಯೊ ಬೇರೆ ಕಡೆಗೆ ಹೋಯಿತು. ಬ್ಲ್ಯಾಕ್ ಕೀಸ್ ಬಂದಾಗ ಹಳೆಯ ಕಟ್ಟಡದಲ್ಲಿ ಗೋಡೆ ಇತ್ತು, ಹೆಸರಿತ್ತು, ಆದರೆ ಕೆಲಸಕ್ಕೆ ಬೇಕಾದ ಉಪಕರಣ ಇರಲಿಲ್ಲ. ಸಹನಿರ್ಮಾಪಕ ಹಾಗೂ ಎಂಜಿನಿಯರ್ ಮಾರ್ಕ್ ನೀಲ್ ತಮ್ಮ ಸಾಮಾನುಗಳನ್ನು ಹೊತ್ತು ತಂದರು.

ಈ ಜಾಗದ ಇತಿಹಾಸದಿಂದ ಆಲ್ಬಂಗೆ ಏನೋ ಮಾಯೆ ಇಳಿಯಿತು ಅಂತ ಬರೆಯುವವರಿದ್ದಾರೆ. ನಾನು ಅದನ್ನು ಒಪ್ಪಲ್ಲ. ಆ ಜಾಗ ಕೊಟ್ಟಿದ್ದು ಹೆಚ್ಚಾಗಿ ಏಕಾಂತ. ಊರಲ್ಲಿ ಬೇರೆ ಮಾಡಲು ಏನೂ ಇಲ್ಲ. ಮಾತು ಬಿಟ್ಟಿದ್ದ ಇಬ್ಬರು ಗೆಳೆಯರಿಗೆ ಹತ್ತು ದಿನ ಒಂದೇ ಸೂರಿನಡಿ ನುಡಿಸುವುದೊಂದೇ ಕೆಲಸ. ಆಲ್ಬಂನ ಹೆಚ್ಚಿನ ಭಾಗ ಅಲ್ಲೇ ಆಯಿತು.

ಕೆಲಸದ ಕ್ರಮ ತಿರುಗುಮುರುಗಾಗಿದ್ದು ಇಲ್ಲಿ. ಮೊದಲೆಲ್ಲ ಗಿಟಾರ್ ರಿಫ್, ಅಂದರೆ ಮತ್ತೆ ಮತ್ತೆ ಬರುವ ಚಿಕ್ಕ ಸುತ್ತು, ಬರುತ್ತಿತ್ತು, ಡ್ರಮ್ಸ್ ಅದರ ಹಿಂದೆ ಓಡುತ್ತಿತ್ತು. ಈಗ ಹಲವು ಹಾಡುಗಳು ಡ್ರಮ್ಸ್ ಮತ್ತು ಬೇಸ್‌ನಿಂದ ಶುರುವಾದವು. ಗಿಟಾರ್ ಆಮೇಲೆ ಬಂತು. ಬರಬೇಕಾದಷ್ಟೇ ಬಂತು.

ಮೊದಲ ಹಾಡು ‘ಎವರ್‌ಲಾಸ್ಟಿಂಗ್ ಲೈಟ್’ ಹಾಕಿ ಕೇಳಿ. ಆವರ್‌ಬಾಕ್ ಅಂದರೆ ಗಂಟಲು ಕೆರೆದುಕೊಂಡು ಹಾಡುವ ಗಡಸು ದನಿ ಅಂತ ಎಂಟು ವರ್ಷ ಅಭ್ಯಾಸವಾಗಿತ್ತು. ಇಲ್ಲಿ ಅವರು ಶುರುವಿಂದ ಕೊನೆವರೆಗೆ ಕಳ್ಳದನಿಯಲ್ಲಿ, ಅಂದರೆ ಫಾಲ್ಸೆಟೊದಲ್ಲಿ ಹಾಡುತ್ತಾರೆ. ಕೆಳಗೆ ಡ್ರಮ್ಸ್ ಗಟ್ಟಿಯಾಗಿ, ಒಂದೇ ಸಮನೆ ಬಡಿಯುತ್ತಿದೆ. ಗಿಟಾರ್ ಬೀಗದೆ ಆ ಬಡಿತದ ಜೊತೆಗೇ ಹೆಜ್ಜೆ ಹಾಕುತ್ತದೆ. ಗಡಸುತನ ಎಲ್ಲಿ ಹೋಯಿತು? ಗಂಟಲಿಂದ ಇಳಿದು ಡ್ರಮ್ಸ್‌ಗೆ ಹೋಯಿತು. ಹಾಡು ಮೃದುವಾಯಿತು, ಆದರೆ ಸಪ್ಪೆಯಾಗಲಿಲ್ಲ. ಆಲ್ಬಂನ ಮೊದಲ ಹಾಡಾಗಿ ಇದನ್ನೇ ಇಟ್ಟಿದ್ದು ದೊಡ್ಡ ಧೈರ್ಯ. ಹಳೆಯ ಅಭಿಮಾನಿಗಳು ಮೊದಲ ನಿಮಿಷದಲ್ಲೇ ತಬ್ಬಿಬ್ಬಾಗಿರಬೇಕು.

‘ಹೌಲಿನ್ ಫಾರ್ ಯು’ ಇದರ ಇನ್ನೊಂದು ಮುಖ. ಕಾರ್ನಿಯ ಡ್ರಮ್ಸ್ ಒಂಟಿಯಾಗಿ ಬರುತ್ತದೆ. ಯಾವ ಕ್ರೀಡಾಂಗಣದಲ್ಲಿ ಹಾಕಿದರೂ ಜನ ಕಾಲು ಕುಟ್ಟಬಲ್ಲ ಬಡಿತ. ಪಲ್ಲವಿಯಲ್ಲಿ ಪದಕ್ಕಿಂತ ಜಾಸ್ತಿ ‘ಡ ಡ ಡ’ ಅನ್ನೋ ಕೂಗು. ಭಾಷೆ ಬರದವರೂ ಕೂಗಬಹುದು.

‘ಟೂ ಅಫ್ರೇಡ್ ಟು ಲವ್ ಯು’ ಹಾಡಿನಲ್ಲಿ ಪಿಯಾನೊ ಥರದ ಹಳೆಯ ವಾದ್ಯ ಹಾರ್ಪ್ಸಿಕಾರ್ಡ್ ಇದೆ. ‘ಬ್ಲ್ಯಾಕ್ ಮಡ್’ನಲ್ಲಿ ಹಾಡೇ ಇಲ್ಲ, ಬರೀ ವಾದ್ಯ. ಬ್ಲ್ಯಾಕ್‌ರಾಕ್‌ನಲ್ಲಿ ಹಾಡಿದ್ದ ನಿಕೋಲ್ ರೇ ಇಲ್ಲೂ ಹಿನ್ನೆಲೆಯಲ್ಲಿ ದನಿ ಕೊಟ್ಟಿದ್ದಾರೆ. ಹಿಪ್‌ಹಾಪ್ ಕೆಲಸದಿಂದ ಇಲ್ಲಿಗೆ ಎಳೆದ ಗೆರೆ ಆ ದನಿಯಲ್ಲೇ ಕೇಳಿಸುತ್ತದೆ. ಹೆಚ್ಚಿನ ಹಾಡುಗಳ ಮಿಕ್ಸಿಂಗ್, ಅಂದರೆ ಬೇರೆ ಬೇರೆ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸ, ಮಾಡಿದ್ದು ಚಾಡ್ ಬ್ಲೇಕ್. ಕೆಳಗಿನ ಸದ್ದು ಇಷ್ಟು ದಪ್ಪವಾಗಿದ್ದೂ ಕಲಸುಮೇಲೋಗರ ಆಗದೆ ಇರೋದಕ್ಕೆ ಅವರಿಗೆ ಕೈ ಮುಗಿಯಬೇಕು. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಗಿಟಾರ್ ಮರೆತು, ಬರೀ ಬೇಸ್ ಹಿಂದೆ ಹೋಗಿ ನೋಡಿ. ಆಲ್ಬಂ ಬೇರೆಯೇ ಆಗಿ ಕೇಳುತ್ತದೆ.

ಹದಿನೈದು ಹಾಡು, ಸುಮಾರು 55 ನಿಮಿಷ. ಉದ್ದ ಜಾಸ್ತಿಯಾಯಿತು ಅನ್ನೋದು ನನ್ನ ಒಂದೇ ತಕರಾರು. ಎರಡು ಹಾಡು ಬಿಟ್ಟಿದ್ದರೆ ಇನ್ನೂ ಬಿಗಿಯಾಗುತ್ತಿತ್ತು.

ಒಂದು ಹಾಡಿನ ಪಾಲು

‘ಟೈಟನ್ ಅಪ್’ ಶೆಫೀಲ್ಡಿನ ಹಾಡಲ್ಲ. ಉಳಿದ ಕೆಲಸವೆಲ್ಲ ಮುಗಿದ ಮೇಲೆ ಬ್ರೂಕ್ಲಿನ್‌ನಲ್ಲಿ ಡೇಂಜರ್ ಮೌಸ್ ಜೊತೆ ಮಾಡಿದ್ದು. ಆಲ್ಬಂನಲ್ಲಿ ಅವರು ನಿರ್ಮಿಸಿದ ಹಾಡು ಇದೊಂದೇ. ಸಿಳ್ಳೆಯಿಂದ ಶುರು. ಚುರುಕಾದ ಗಿಟಾರ್, ನಡುವೆ ಹಾಡು. ಕೊನೆಯಲ್ಲಿ ತಾಳ ಇದ್ದಕ್ಕಿದ್ದ ಹಾಗೆ ಬದಲಾಗಿ, ಗಿಟಾರ್ ಹೊಸ ದಾರಿ ಹಿಡಿಯುತ್ತದೆ. ಮೂರೂವರೆ ನಿಮಿಷದಲ್ಲಿ ಎರಡು ಹಾಡು ಕೇಳಿದ ಹಾಗಾಗುತ್ತದೆ. ಅಮೆರಿಕದ ಆಲ್ಟರ್ನೇಟಿವ್ ರೇಡಿಯೊ ಪಟ್ಟಿಯಲ್ಲಿ ಇದು ಮೊದಲ ಸ್ಥಾನಕ್ಕೆ ಹೋಯಿತು. ಆಟದ ಮೈದಾನದಲ್ಲಿ ಮಕ್ಕಳು ಜಗಳಾಡುವ ಇದರ ವಿಡಿಯೊಗೆ 2010ರ ಎಂಟಿವಿ ಪ್ರಶಸ್ತಿ ಬಂತು. ಗ್ರ್ಯಾಮಿಯೂ ಬಂತು.

ಹಾಗಾದರೆ ಗೆಲುವೆಲ್ಲ ಈ ಒಂದು ಹಾಡಿನದ್ದೇ? ಅಲ್ಲ. ಒಂದೇ ಹಾಡಿನ ಮೇಲೆ ನಿಂತ ಆಲ್ಬಂ ಆ ಹಾಡಿನ ಜೊತೆಗೇ ಇಳಿಯುತ್ತದೆ. ಇದು ಇಳಿಯಲಿಲ್ಲ. ‘ಟೈಟನ್ ಅಪ್’ ಆದ ಮೇಲೆ ‘ಹೌಲಿನ್ ಫಾರ್ ಯು’ ರೇಡಿಯೊದಲ್ಲಿ ಓಡಿತು. ಅದು ಡೇಂಜರ್ ಮೌಸ್ ಮಾಡಿದ್ದಲ್ಲ, ಶೆಫೀಲ್ಡಿನ ಬಡಿತದಿಂದ ಎದ್ದದ್ದು. ಗ್ರ್ಯಾಮಿಯ ಅತ್ಯುತ್ತಮ ಆಲ್ಟರ್ನೇಟಿವ್ ಆಲ್ಬಂ ಪ್ರಶಸ್ತಿ ಇಡೀ ಆಲ್ಬಂಗೆ ಬಂದದ್ದು.

ಮೂರನೇ ಗ್ರ್ಯಾಮಿ ಹೊದಿಕೆಯ ವಿನ್ಯಾಸಕ್ಕೆ. ಮಾಡಿದ್ದು ಕಾರ್ನಿಯ ಸಹೋದರ ಮೈಕಲ್. ಕಪ್ಪು ಹಿನ್ನೆಲೆ, ಚಿತ್ರವೇ ಇಲ್ಲ. ಇದು ಬ್ಲ್ಯಾಕ್ ಕೀಸ್‌ನ ಆಲ್ಬಂ, ಇದರ ಹೆಸರು ಬ್ರದರ್ಸ್ ಅಂತ ದಪ್ಪ ಅಕ್ಷರದಲ್ಲಿ ನೇರವಾಗಿ ಬರೆದಿದೆ, ಅಷ್ಟೇ. 1969ರಲ್ಲಿ ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಅವರ ಆಲ್ಬಂ ಹೊದಿಕೆಯೂ ಇದೇ ಥರ ಬರೀ ವಾಕ್ಯಗಳಿಂದ ಆಗಿತ್ತು. ಬ್ಲೂಸ್ ಬಲ್ಲವರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಗೊತ್ತಿಲ್ಲದವರಿಗೂ ಅಂಗಡಿಯ ಸಾಲಿನಲ್ಲಿ ಅದೇ ಮೊದಲು ಕಣ್ಣಿಗೆ ಬೀಳುತ್ತದೆ.

ಜಾಹೀರಾತಿನ ಮಾತನ್ನೂ ಹೇಳಿಬಿಡುತ್ತೇನೆ. ಶುರುವಿನ ದಿನಗಳಲ್ಲಿ ಇಂಗ್ಲೆಂಡಿನ ಒಂದು ಮೇಯನೇಸ್ ಕಂಪನಿ ಹಾಡಿಗೆ ಎರಡು ಲಕ್ಷ ಪೌಂಡ್ ಕೊಡಲು ಬಂದಿತ್ತು. ಆಗ ಅವರು ಊರೂರಿಗೆ ತಾವೇ ವ್ಯಾನ್ ಓಡಿಸಿಕೊಂಡು ಹೋಗುತ್ತಿದ್ದರು. ಹಣಕ್ಕೆ ಮಾರಿಕೊಂಡರು ಅಂತ ಅಭಿಮಾನಿಗಳು ಬೇಜಾರಾಗುತ್ತಾರೆ ಎಂಬ ಸಲಹೆ ಕೇಳಿ ಬೇಡ ಅಂದರು. ಆಮೇಲೆ ಆ ನಿಲುವು ಬಿಟ್ಟರು. ರೇಡಿಯೊ ಹಾಕದ ಹಾಡುಗಳು ಟಿವಿ, ಸಿನಿಮಾ, ಜಾಹೀರಾತುಗಳಲ್ಲಿ ಬರತೊಡಗಿದವು. ಹೆಸರು ಗೊತ್ತಿಲ್ಲದಿದ್ದರೂ ಈ ಸದ್ದು ಜನರ ಕಿವಿಗೆ ಬಿದ್ದಿತ್ತು. ‘ಬ್ರದರ್ಸ್’ ಬಂದಾಗ ಅದು ಖಂಡಿತ ಸಹಾಯ ಮಾಡಿತು. ನನಗೆ ಅದರಲ್ಲಿ ತಪ್ಪೇನೂ ಕಾಣಲ್ಲ. ಆದರೆ ಹಿಂದಿನ ಆಲ್ಬಂಗಳ ಹಾಡುಗಳೂ ಹಾಗೆ ಕೇಳಿಸಿದ್ದವು, ಅವು ಈ ಮಟ್ಟಕ್ಕೆ ಹೋಗಲಿಲ್ಲ.

ಗೆದ್ದ ಮೇಲೆ

ಡ್ರಮ್ಸ್ ಮತ್ತು ಬೇಸ್ ಮೇಲೆ ಕಟ್ಟಿದ ಆಲ್ಬಂ ಅನ್ನು ಇಬ್ಬರೇ ವೇದಿಕೆಯಲ್ಲಿ ನುಡಿಸೋದು ಹೇಗೆ? ಆಗಲ್ಲ. 2010ರ ಪ್ರವಾಸಕ್ಕೆ ಬೇಸ್‌ಗೆ ನಿಕ್ ಮೋವ್‌ಶನ್, ಕೀಬೋರ್ಡ್‌ಗೆ ಲಿಯೊನ್ ಮೈಕಲ್ಸ್ ಜೊತೆಯಾದರು. ಹಳೆಯ ಹಾಡುಗಳನ್ನು ಇಬ್ಬರೇ ನುಡಿಸುತ್ತಿದ್ದರು. ‘ಬ್ರದರ್ಸ್’ ಹಾಡು ಬಂದಾಗ ಉಳಿದಿಬ್ಬರು ವೇದಿಕೆಗೆ ಬರುತ್ತಿದ್ದರು. ಏನು ಬದಲಾಗಿತ್ತು ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಗೆಲುವಿಗೆ ಬೆಲೆಯೂ ಇತ್ತು. 2011ರ ಶುರುವಿನಲ್ಲಿ ಆಸ್ಟ್ರೇಲಿಯಾ, ಯುರೋಪ್ ಪ್ರವಾಸಗಳನ್ನು ರದ್ದು ಮಾಡಿದರು. ಕೊಟ್ಟ ಕಾರಣ ದಣಿವು. ಹತ್ತು ವರ್ಷ ಸಣ್ಣ ಕ್ಲಬ್ಬುಗಳಲ್ಲಿ ನುಡಿಸಿದ ಇಬ್ಬರಿಗೆ ಒಮ್ಮೆಲೇ ಎಲ್ಲ ಕಡೆಯಿಂದ ಕರೆ ಬಂದರೆ ಮೈ ಎಷ್ಟು ತಡೆದೀತು? ಅದೇ ಫೆಬ್ರವರಿಯಲ್ಲಿ ವೈಟ್ ಸ್ಟ್ರೈಪ್ಸ್ ತಾವು ಬೇರೆಯಾಗುತ್ತಿದ್ದೇವೆ ಅಂತ ಪ್ರಕಟಿಸಿದರು. ಹೋಲಿಕೆಯ ಕಾಟವೂ ಅಲ್ಲಿಗೆ ತಣ್ಣಗಾಯಿತು.

ಮುಂದಿನ ಆಲ್ಬಂ ‘ಎಲ್ ಕಮಿನೊ’ 2011ರ ಡಿಸೆಂಬರ್‌ನಲ್ಲಿ ಬಂತು. ಈ ಸಲ ಇಡೀ ಆಲ್ಬಂಗೆ ಡೇಂಜರ್ ಮೌಸ್ ಜೊತೆಗಿದ್ದರು. ‘ಬ್ರದರ್ಸ್’ನ ನಿಧಾನದ ಹಾಡುಗಳು ದೊಡ್ಡ ವೇದಿಕೆಯಲ್ಲಿ ಹಿಡಿತಕ್ಕೆ ಸಿಗುತ್ತಿರಲಿಲ್ಲ, ಅದಕ್ಕೇ ವೇಗದ ಹಾಡುಗಳನ್ನು ಬರೆದರು. ಮೊದಲ ವಾರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು, ಪಟ್ಟಿಯಲ್ಲಿ ಎರಡನೇ ಸ್ಥಾನ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಮೊದಲ ಕಾರ್ಯಕ್ರಮದ ಟಿಕೆಟ್‌ಗಳು ಹದಿನೈದು ನಿಮಿಷದಲ್ಲಿ ಖಾಲಿಯಾದವು.

ಲೆಕ್ಕದಲ್ಲಿ ನೋಡಿದರೆ ‘ಎಲ್ ಕಮಿನೊ’ ದೊಡ್ಡದು. ನನಗೆ ‘ಬ್ರದರ್ಸ್’ ಮೇಲು. ವೇಗ ಹೆಚ್ಚಿದಾಗ ಗಿಟಾರ್ ಮತ್ತೆ ಮುಂದೆ ಬಂತು, ಬೇಸ್‌ಗೆ ಸಿಕ್ಕಿದ್ದ ಆರಾಮ ಹೋಯಿತು. ‘ಟೆನ್ ಸೆಂಟ್ ಪಿಸ್ಟಲ್’ ಥರದ, ಅವಸರವೇ ಇಲ್ಲದೆ ಒಂದೇ ಸುತ್ತಿನಲ್ಲಿ ಕೂತು ಸೇಡಿನ ಕತೆ ಹೇಳುವ ಹಾಡು ‘ಎಲ್ ಕಮಿನೊ’ದಲ್ಲಿ ಇಲ್ಲ. 2021ರಲ್ಲಿ ಅವರು ಮತ್ತೆ ಮಿಸಿಸಿಪ್ಪಿಯ ಗುಡ್ಡದ ಹಾಡುಗಳಿಗೆ ಹೋಗಿ, ಕಿಂಬ್ರೊ ಮತ್ತು ಅದೇ ಗುಡ್ಡದ ಇನ್ನೊಬ್ಬ ಗಾಯಕ ಆರ್. ಎಲ್. ಬರ್ನ್‌ಸೈಡ್ ಅವರ ಹಾಡುಗಳಿರುವ ‘ಡೆಲ್ಟಾ ಕ್ರೀಮ್’ ತಂದರು. ಆ ಸಲ ಬರ್ನ್‌ಸೈಡ್ ಜೊತೆ ನುಡಿಸಿದ್ದ ಗಿಟಾರಿಸ್ಟ್ ಕೆನ್ನಿ ಬ್ರೌನ್, ಕಿಂಬ್ರೊ ಜೊತೆಗೂ ನುಡಿಸಿದ್ದ ಬೇಸ್ ವಾದಕ ಎರಿಕ್ ಡೀಟನ್ ಪಕ್ಕದಲ್ಲಿದ್ದರು.